ಸವಳು ಮಣ್ಣಿನ ಹೊಸ ಬ್ಯಾಕ್ಟೀರಿಯಾ: ಹೆಸರಿಡೋದು ಬೇರೆ, ಹೊಲಕ್ಕೆ ಹಾಕೋದು ಬೇರೆ

‘ಉಪ್ಪು ಮಣ್ಣಲ್ಲಿ ಹೊಸ ಬ್ಯಾಕ್ಟೀರಿಯಾ ಪತ್ತೆ’ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಾಡಿದರೆ ಸಾಕು, ನನಗೆ ಬರುವ ಪ್ರಶ್ನೆ ಒಂದೇ: “ಸರ್, ಅದರ ಬಾಟಲಿ ಎಲ್ಲಿ ಸಿಗುತ್ತೆ?” ದುಡ್ಡು ಹಾಕೋ ಮೊದಲು, ಅದು ‘ಹೊಸದು’ ಅಂತ ಹೇಗೆ ತೀರ್ಮಾನ ಮಾಡ್ತಾರೆ ಅನ್ನೋದು ಗೊತ್ತಿರಲಿ.

ಒಂದು ಒಳ್ಳೆಯ ಉದಾಹರಣೆ ಪಕ್ಕದ ತಮಿಳುನಾಡಿನಲ್ಲೇ ಇದೆ. ಕಾಂಡ್ಲಾ ಗಿಡಗಳ ಜೊತೆ ಉಪ್ಪುನೆಲದಲ್ಲಿ ಒಂದು ಕಾಡು ಭತ್ತ ಬೆಳೆಯುತ್ತೆ. ಅದರ ಬೇರು, ಕಾಂಡ ಮತ್ತು ಬೇರಿನ ಸುತ್ತಲ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳು 2004ರಲ್ಲಿ ‘ಸ್ವಾಮಿನಾಥಾನಿಯಾ ಸಾಲಿಟಾಲರನ್ಸ್’ ಅಂತ ಹೆಸರಿಟ್ಟರು. ‘ಸಾಲಿಟಾಲರನ್ಸ್’ ಅಂದರೆ ಉಪ್ಪು ತಡೆಯುವಂಥದ್ದು.

ಈ ಕೆಲಸ ನಡೆಯೋ ದಾರಿ ಹೀಗೆ:

1. ಬೇರ್ಪಡಿಸುವುದು: ಚಿಟಿಕೆ ಮಣ್ಣಲ್ಲಿ ಕೋಟಿಗಟ್ಟಲೆ ಜೀವಿಗಳು. ಈ ಕಾಡು ಭತ್ತದ ವಿಷಯದಲ್ಲಿ ಸಾರಜನಕವೇ ಇಲ್ಲದ ಆಹಾರ ಕೊಟ್ಟರು. ಗಾಳಿಯಿಂದ ಸಾರಜನಕ ಹಿಡಿಯಬಲ್ಲವು ಮಾತ್ರ ಚೆನ್ನಾಗಿ ಬೆಳೆದವು.

2. ಗುಣ ನೋಡುವುದು: ಎಷ್ಟು ಉಪ್ಪು, ಎಷ್ಟು ಬಿಸಿ, ಎಷ್ಟು ಪಿಎಚ್ ತಡೆಯುತ್ತೆ? ಇದು 3% ಉಪ್ಪಿನಲ್ಲೂ ಬೆಳೆಯಿತು. ಸಮುದ್ರದ ನೀರಲ್ಲಿ ಇರೋದು ಸುಮಾರು 3.5%. ಉಪ್ಪು ಇದ್ದಾಗಲೂ ಇದು ಸಾರಜನಕ ಹಿಡಿಯಿತು, ರಂಜಕ ಕರಗಿಸಿತು.

3. ಡಿಎನ್ಎ ಹೋಲಿಕೆ: ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ‘16ಎಸ್’ ಎಂಬ ಜೀನ್ ಇದೆ, ಉದ್ದ ಸುಮಾರು 1500 ಅಕ್ಷರ. ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಕೆ ಸುಮಾರು 98.7%ಗಿಂತ ಕಡಿಮೆ ಬಂದರೆ ಹೊಸದಿರಬಹುದು. ಈಗಂತೂ ಇಡೀ ಡಿಎನ್ಎಯನ್ನೇ ಹೋಲಿಸ್ತಾರೆ. ಅಲ್ಲಿ ಗಡಿ 95–96%.

4. ಠೇವಣಿ: ಕನಿಷ್ಠ ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಜೀವಂತ ಮಾದರಿ ಇಡಬೇಕು. ಇದರದ್ದು ಚಂಡೀಗಢದಲ್ಲೂ ಬೆಲ್ಜಿಯಂನಲ್ಲೂ ಇದೆ. ಯಾರು ಬೇಕಾದರೂ ಮತ್ತೆ ಪರೀಕ್ಷೆ ಮಾಡಬಹುದು.

ಗಮನಿಸಿ, ಈ ನಾಲ್ಕು ಹಂತದಲ್ಲಿ ‘ಇಳುವರಿ’ ಅನ್ನೋ ಮಾತೇ ಇಲ್ಲ. ಹೆಸರು ಸಿಕ್ಕಿತು ಅಂದರೆ ಜೀವಿಗೆ ಆಧಾರ್ ಕಾರ್ಡ್ ಸಿಕ್ಕ ಹಾಗೆ, ಅಷ್ಟೇ. ನಿಮ್ಮ ಹೊಲದಲ್ಲಿ ಕೆಲಸ ಮಾಡುತ್ತಾ ಅನ್ನೋದಕ್ಕೆ ಬೇರೆ ಬೇರೆ ಊರು, ಹಂಗಾಮುಗಳ ಪ್ರಯೋಗ ಬೇಕು.

ಇನ್ನೊಂದು ಮಾತು. “ಈ ಬ್ಯಾಕ್ಟೀರಿಯಾ ಉಪ್ಪು ತಿಂದುಹಾಕುತ್ತೆ” ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೋಡಿಯಂ ಮೂಲಧಾತು. ಯಾವ ಜೀವಿಯೂ ಅದನ್ನ ಮಾಯ ಮಾಡಲಾರದು. ಒಳ್ಳೆಯ ಬ್ಯಾಕ್ಟೀರಿಯಾ ಉಪ್ಪಿನ ನಡುವೆ ಬದುಕಿ ಬೇರಿಗೆ ನೆರವಾಗಬಹುದು. ಉಪ್ಪು ಹೊರಗೆ ಹೋಗಬೇಕಾದರೆ ಸಿಹಿನೀರು ನಿಲ್ಲಿಸಿ ಇಂಗಿಸಬೇಕು, ಆ ನೀರು ಬಸಿಗಾಲುವೆಯಲ್ಲಿ ಹರಿದುಹೋಗಬೇಕು. ಪಿಎಚ್ 8.5 ದಾಟಿದ ಕ್ಷಾರ ಮಣ್ಣಾದರೆ, ಪರೀಕ್ಷೆ ಹೇಳಿದಷ್ಟು ಜಿಪ್ಸಂ ಮೊದಲು ಹಾಕಬೇಕು. ತುಂಗಭದ್ರಾ ಅಚ್ಚುಕಟ್ಟಿನ ಗೆಳೆಯರೇ, ಬಸಿಗಾಲುವೆ ಹೂಳು ತೆಗೆಸದೆ ಬಾಟಲಿ ತಂದರೆ ದುಡ್ಡು ದಂಡ.

ಆದರೂ ಜೈವಿಕ ಗೊಬ್ಬರ ಕೊಳ್ಳೋದಾದರೆ ಲೇಬಲ್‌ನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ: ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಇದೆಯಾ? ಅವಧಿ ಮುಗಿಯುವ ದಿನ ಇದೆಯಾ? ಅಜೋಸ್ಪಿರಿಲಂನಂಥ ದ್ರವ ಗೊಬ್ಬರವಾದರೆ ಮಿಲಿಗೆ ಕನಿಷ್ಠ 10 ಕೋಟಿ ಜೀವಕೋಶ ಇರಬೇಕು ಅನ್ನುತ್ತೆ ರಸಗೊಬ್ಬರ ನಿಯಂತ್ರಣ ಆದೇಶ. ಇದೆಲ್ಲ ಸರಿ ಇದ್ದರೂ ಮೊದಲ ವರ್ಷ ನಾಲ್ಕು ಗುಂಟೆಗೆ ಮಾತ್ರ ಹಾಕಿ, ಪಕ್ಕದ ನಾಲ್ಕು ಗುಂಟೆ ಹಾಗೇ ಬಿಡಿ. ಕೊಯ್ಲಾದ ಮೇಲೆ ಎರಡನ್ನೂ ತೂಗಿ ನೋಡಿ.