ಅಜ್ಜಿಯ ಹಾಡೂ ಅಗ್ಗದ ಕ್ಯಾಮೆರಾವೂ

ಕಳೆದ ದೀಪಾವಳಿಗೆ ಧಾರವಾಡದಿಂದ ಪುಣೆಗೆ ಬಂದಿದ್ದ ನಮ್ಮ ಅಜ್ಜಿ ಒಂದು ಸಂಜೆ ಬೀಸುವ ಕಲ್ಲಿನ ಪದಗಳನ್ನು ಒಂದಾದ ಮೇಲೊಂದರಂತೆ ಆರು ಹಾಡಿದರು. ನಾನು ಎರವಲು ತಂದ ಕ್ಯಾಮೆರಾ ಹಿಡಿದು ಎದುರು ಕುಳಿತೆ. "ಮಾರಿ ಏನ್ ನೋಡ್ತೀಯೋ ತಮ್ಮಾ, ಹಾಡ ಕೇಳ" ಎಂದರು. ಆಮೇಲೆ ನೋಡಿದರೆ ಮುಖದ ಒಂದೊಂದು ಸುಕ್ಕೂ ಸ್ಪಷ್ಟ. ಹಾಡು ಮಾತ್ರ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿತ್ತು.

ಆದ್ದರಿಂದಲೇ ಕ್ಯಾಮೆರಾ ಕೊಳ್ಳಬೇಕೆಂದಿರುವ ಬಂಧುಗಳಲ್ಲಿ ಈ ನಾಲ್ಕು ಮಾತು.

ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ವಿಡಿಯೋ ಬಂದದ್ದು 2008ರಲ್ಲಿ, ನಿಕಾನ್ ಡಿ90ರಿಂದ. ಈಗ ಮಿರರ್‌ಲೆಸ್ ಕ್ಯಾಮೆರಾಗಳತ್ತ ಜನ ತಿರುಗಿರುವುದರಿಂದ ಹಳೆಯವು ಕೈಬದಲಾಗಿ ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮಂಥ ಸಂಬಳದವರಿಗೆ ಅನುಕೂಲವೇ ಆಯಿತು. ಅಂಗಡಿಯವರು ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ ಎಂದು ಹೊಗಳಿದರೆ ಮರುಳಾಗಬೇಡಿ. ಫುಲ್ ಎಚ್‌ಡಿ ವಿಡಿಯೋದ ಒಂದು ಚಿತ್ರ ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು, ಅಷ್ಟೆ. ಕೇಳಬೇಕಾದದ್ದು ಬೇರೆ: ಹೊರಗಿನ ಮೈಕ್ ಸಿಕ್ಕಿಸಲು ಜಾಗವಿದೆಯೇ? ಕ್ಯಾನನ್ 1500ಡಿಯಲ್ಲಿ ಇಲ್ಲ. 2017ರಲ್ಲಿ ಬಂದ 200ಡಿಯಲ್ಲಿ ಇದೆ. ಜೊತೆಗೆ ತಿರುಗಿಸಬಹುದಾದ ಪರದೆ, ಅಲುಗಾಡುವ ಮುಖವನ್ನು ತಾನೇ ಹಿಂಬಾಲಿಸುವ ಫೋಕಸ್.

ಮೈಕ್ ಎಂದರೆ ಕಾಲರಿಗೆ ಸಿಕ್ಕಿಸುವ ಸಾದಾ ಮೈಕ್ ಸಾಕು. ಅದರ ಪಿನ್ನಿನ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ ಕೊಳ್ಳಿ: ಎರಡಿದ್ದರೆ ಕ್ಯಾಮೆರಾದ್ದು, ಮೂರಿದ್ದರೆ ಫೋನಿನದು. ಎಣಿಸದೆ ತಂದು ನಾನು ಮತ್ತೆ ಅಂಗಡಿಗೆ ಅಲೆದೆ.

ಜೊತೆಗೆ ಬರುವ 18-55ರ ಲೆನ್ಸೇ ಮನೆಗೆ ಸಾಕು. 50 ಎಂಎಂನ ಎಫ್ 1.8 ಲೆನ್ಸ್ ಮಂದ ಬೆಳಕಿಗೆ ಒಳ್ಳೆಯದು, ಬೆಲೆಯೂ ಹೆಚ್ಚಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ನಾಲ್ವರನ್ನು ಒಟ್ಟಿಗೆ ಹಿಡಿಯಹೋದರೆ ಹಿಂದೆ ಸರಿದು ಸರಿದು ಅಡಿಗೆಮನೆ ಸೇರಬೇಕಾದೀತು! ಒಂದು ಗಟ್ಟಿ ಟ್ರೈಪಾಡ್ ಇರಲಿ. ನಮ್ಮ ವಿದ್ಯುತ್ತು 50 ಆವರ್ತನದ್ದು. ಸೆಕೆಂಡಿಗೆ 25 ಚಿತ್ರ, ಶಟರ್ 1/50 ಇಟ್ಟರೆ ಟ್ಯೂಬ್‌ಲೈಟು ಮಿಣುಕದು. ಸಂಘದ ನಾಟಕ ಹಿಡಿಯುವವರು ನೆನಪಿಡಿ: ಇಂಥ ಕ್ಯಾಮೆರಾಗಳು ಸಾಮಾನ್ಯವಾಗಿ ಅರ್ಧ ಗಂಟೆ ತುಂಬುವ ಮೊದಲೇ ತಾವೇ ನಿಲ್ಲುತ್ತವೆ. ದೃಶ್ಯ ಬದಲಾಗುವಾಗ ನಿಲ್ಲಿಸಿ, ಮತ್ತೆ ಗುಂಡಿ ಒತ್ತಬೇಕು.

ಹಣ ಸಾಲದೆ ಬಂದರೆ ಕ್ಯಾಮೆರಾ ಇನ್ನೂ ಹಳೆಯದಾಗಲಿ, ಮೈಕ್ ಬಿಡಬೇಡಿ.

ಈ ಯುಗಾದಿಗೆ ನಾವೇ ಧಾರವಾಡಕ್ಕೆ ಹೋದೆವು. ಫ್ಯಾನು ನಿಲ್ಲಿಸಿ, ಅಜ್ಜಿಯ ಸೆರಗಿಗೆ ಮೈಕ್ ಸಿಕ್ಕಿಸಿದೆ. ಧ್ವನಿ ಗಂಟೆಯಂತೆ ಬಂದಿದೆ. ಆದರೆ ಆರು ಹಾಡುಗಳಲ್ಲಿ ಅವರಿಗೆ ನೆನಪಿದ್ದದ್ದು ಎರಡೇ.