ಅಲೆಯ ಅಂಚಿನ ಆಟದ ಬಯಲು

ಒಂದು ಊರಿನ ಹಿರಿಮೆಯನ್ನು ಅದರ ಗುಡಿ ಮಸೀದಿಗಳಿಂದಲೂ ಪೇಟೆ ಬೀದಿಗಳಿಂದಲೂ ಅಳೆಯುವುದು ವಾಡಿಕೆ. ಆ ಊರು ತನ್ನ ಮಕ್ಕಳ ಆಟಕ್ಕೆಂದು ಎಷ್ಟು ನೆಲವನ್ನು ಉಳಿಸಿಕೊಟ್ಟಿದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ನೇತ್ರಾವತಿಯ ಸೇತುವೆಯನ್ನು ದಾಟಿ ಉಳ್ಳಾಲಕ್ಕೆ ಹೋಗುವವರ ಮನಸ್ಸಿನಲ್ಲಿ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರಿದು. ಸಯ್ಯಿದ್ ಮದನಿ ದರ್ಗಾದಿಂದ ದೂರದವರಿಗೂ ಪರಿಚಿತವಾದ ಊರು. ಇಲ್ಲಿನ ಹುಡುಗರಿಗೆ ಕಾಲ್ಚೆಂಡಿನ ಮೊದಲ ಪಾಠವನ್ನು ಹೇಳಿಕೊಟ್ಟದ್ದು ಕಡಲ ದಂಡೆ. ಇಳಿತದ ಹೊತ್ತಿಗೆ ಗಟ್ಟಿಯಾಗುವ ಒದ್ದೆ ಮರಳಿನಲ್ಲಿ ಎರಡು ಕೋಲು ನೆಟ್ಟರೆ ಗೋಲು ಸಿದ್ಧ. ತಲಪಾಡಿಯಾಚೆ ಏಳು ಮಂದಿಯ ಆಟಕ್ಕೆ ಮರುಳಾದ ಮಲಬಾರಿನ ನೆರೆಯೂ ಉಂಟು. ಅತ್ತ ನದಿಯಾಚೆಯ ಬೆಂಗ್ರೆಯಲ್ಲಿಯೂ ಇದೇ ಹುಚ್ಚು.

ಆದರೆ ಕಡಲು ಕೊಟ್ಟದ್ದನ್ನು ಕಡಲೇ ಹಿಂದಕ್ಕೆ ಕೇಳುತ್ತಿದೆ. ದಶಕಗಳಿಂದ ಉಳ್ಳಾಲ, ಸೋಮೇಶ್ವರ, ಉಚ್ಚಿಲದ ತೀರಗಳಲ್ಲಿ ಮಳೆಗಾಲದ ಅಲೆಗಳು ಮನೆಗಳನ್ನೂ ತೆಂಗಿನ ಮರಗಳನ್ನೂ ನುಂಗುತ್ತ ಬಂದಿವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇಲ್ಲಿ ತಡೆಗೋಡೆಗಳನ್ನು ಕಟ್ಟಲಾಯಿತು. ಮನೆ ಕಳೆದುಕೊಂಡವನ ದುಃಖದ ಮುಂದೆ ಆಟದ ಬಯಲಿನ ಮಾತು ಸಣ್ಣದೇ ಸರಿ. ಆದರೂ ಮರಳು ಸವೆದಲ್ಲೆಲ್ಲ ಬಾಲ್ಯದ ಒಂದು ಅಂಗಳವೂ ಸವೆದಿರುತ್ತದೆ.

ಆಗ ಉಳಿಯುವ ಆಶ್ರಯ ಊರಿನ ಸಾರ್ವಜನಿಕ ಬಯಲು. ಮಂಗಳೂರಿನ ನಟ್ಟನಡುವೆ ಇರುವ ನೆಹರೂ ಮೈದಾನ ಹಿಂದೆ ಕೇಂದ್ರ ಮೈದಾನವೆನಿಸಿಕೊಂಡಿತ್ತು. 1920ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅಲ್ಲಿ ನೆರೆದ ಜನರನ್ನು ಉದ್ದೇಶಿಸಿ ಮಾತನಾಡಿದರು. ಜನ ಸೇರಿದ ಆ ನೆಲದಲ್ಲಿಯೇ ಚೆಂಡೂ ಉರುಳಿತು. ಜಿಲ್ಲೆಯ ಕಾಲ್ಚೆಂಡಿನ ಪಂದ್ಯಗಳಿಗೆ ಅದು ನೆಲೆಯಾಯಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ, ಕ್ರಿಕೆಟ್ಟು ಗೂಡು ಸೇರುವ ತಿಂಗಳುಗಳಲ್ಲಿಯೂ ಕೆಸರಿಗೆ ಹೆದರದ ಆಟ ಇದೊಂದೇ.

ನಾಡಿನ ಕಾಲ್ಚೆಂಡಿನ ಚರಿತ್ರೆಯಲ್ಲಿ ಕರಾವಳಿಯದು ಸ್ವಲ್ಪ ವಿಚಿತ್ರವಾದ ಸ್ಥಾನ. ಮೈಸೂರು ತಂಡ 1946-47ರಲ್ಲಿ, ಮತ್ತೆ 1952-53ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ ದಕ್ಷಿಣ ಕನ್ನಡವಿನ್ನೂ ಮದರಾಸಿಗೆ ಸೇರಿತ್ತು. 1956ರ ಏಕೀಕರಣದ ಬಳಿಕ 1967-68, 1968-69ರ ಗೆಲುವುಗಳು ನಮ್ಮವೂ ಆದುವು. ಅನಂತರ 54 ವರ್ಷಗಳ ಮೌನ! 2023ರ ಮಾರ್ಚಿಯಲ್ಲಿ ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಮೌನವನ್ನು ಮುರಿಯಿತು.

ಇಷ್ಟು ದೀರ್ಘವಾದ ಮೌನಕ್ಕೆ ಒಂದೇ ಕಾರಣವನ್ನು ಹೇಳುವುದು ಸಾಹಸವಾದೀತು. ಆದರೆ ಆಟಗಾರ ಹುಟ್ಟುವುದು ಸಾವಿರಾರು ಆಸನಗಳ ಕ್ರೀಡಾಂಗಣದಲ್ಲಲ್ಲ, ಸಂಜೆ ಚೀಟಿಯಿಲ್ಲದೆ ಕಾಲಿಡಬಹುದಾದ ಬಯಲಿನಲ್ಲಿ ಎಂಬುದರಲ್ಲಿ ಸಂದೇಹವಿಲ್ಲ. ಇಂದು ಉಳ್ಳಾಲಕ್ಕೆ ತನ್ನದೇ ಆದ ನಗರಸಭೆಯಿದೆ. ಮೆಟ್ಟಿಲುಸಾಲೂ ದೀಪಸ್ತಂಭವೂ ಆಮೇಲೆ ಬರಲಿ. ಅಲೆಗೆ ಸಿಗದಷ್ಟು ದೂರದಲ್ಲಿ, ಮಳೆನೀರು ಬೇಗ ಹರಿದುಹೋಗುವಂಥ ಒಂದು ಸಮತಟ್ಟು ನೆಲವನ್ನು ಮೊದಲು ಮಕ್ಕಳ ಹೆಸರಿಗೆ ಮೀಸಲಿಡಬೇಕು. ಊರಿನ ಸ್ವತ್ತೆಂದು ದಾಖಲೆಯಲ್ಲಿ ಬರೆದುಕೊಂಡರೆ ಸಾಲದು. ಬರಿಗಾಲಿನ ಹುಡುಗನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ ಅದರೊಳಗೆ ಓಡಿಹೋದ ದಿನವೇ ಆ ಬಯಲು ನಿಜವಾಗಿ ಊರಿನದಾಗುತ್ತದೆ.