ಹಾರುವ ತಿಮಿಂಗಿಲ, ಡಾರ್ವಿನ್ನನ ಡಿಎನ್‌ಎ, ಟೆಸ್ಲಾನ ಆಯುಧ: ‘ಲೆವಯಾಥನ್’ ಕಥೆಯಲ್ಲಿ ನಿಜ ಎಷ್ಟು?

ನಮ್ಮ ತಂಡದವರೊಬ್ಬರ ಅಕ್ಕನ ಮಗ ಒಂಬತ್ತನೇ ತರಗತಿ. 2025ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ಲೆವಯಾಥನ್’ ಅನಿಮೆ ಸರಣಿ ನೋಡಿ ಮುಗಿಸಿದವನೇ ವಾಟ್ಸಾಪ್‌ನಲ್ಲಿ ಕೇಳಿದ: “ಮಾಮ, ಅಲೆಕ್ ಅಂತ ಆ ರಾಜಕುಮಾರ ನಿಜವಾಗ್ಲೂ ಇದ್ನಾ? ಯುದ್ಧ ಆದ್ಮೇಲೆ ಏನಾದ?” ಜೊತೆಗೆ ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದ. ವಿಜ್ಞಾನಿ ನಿಕೋಲಾ ಟೆಸ್ಲಾ 1908ರಲ್ಲಿ ಅಮೆರಿಕದಲ್ಲಿ ಕೂತುಕೊಂಡೇ ಸೈಬೀರಿಯಾದ ಕಾಡನ್ನು ನೆಲಸಮ ಮಾಡಿದ ಅಂತ ಅದರಲ್ಲಿತ್ತು. “ಇದೂ ಕಥೇನಾ, ಇಲ್ಲಾ ನಿಜಾನಾ?”

ಎರಡಕ್ಕೂ ಸರಿಯಾದ ಉತ್ತರ ಕೊಡೋಣ ಅಂತ ಹೊರಟೆವು. ಎರಡಕ್ಕೂ ಮೂಲ ಒಂದೇ ಕಾದಂಬರಿ ಸರಣಿ.

ಅಮೆರಿಕದ ಲೇಖಕ ಸ್ಕಾಟ್ ವೆಸ್ಟರ್‌ಫೆಲ್ಡ್ ಹದಿಹರೆಯದವರಿಗಾಗಿ ಮೂರು ಕಾದಂಬರಿ ಬರೆದರು. ‘ಲೆವಯಾಥನ್’ 2009ರಲ್ಲಿ, ‘ಬೆಹೆಮತ್’ 2010ರಲ್ಲಿ, ‘ಗೋಲಿಯಾತ್’ 2011ರಲ್ಲಿ ಬಂತು. ಇಂಥವಕ್ಕೆ ಪರ್ಯಾಯ ಇತಿಹಾಸ ಅನ್ನುತ್ತಾರೆ. ಇತಿಹಾಸದ ಒಂದು ತಿರುವಿನಲ್ಲಿ ಬೇರೇನೋ ನಡೆದಿದ್ದರೆ ಅಂತ ಕೇಳಿಕೊಂಡು, ಅಲ್ಲಿಂದ ಮುಂದಿನ ಲೋಕವನ್ನು ಕಟ್ಟುವುದು. ಇಲ್ಲಿ ಆ ತಿರುವು ಚಾರ್ಲ್ಸ್ ಡಾರ್ವಿನ್. ಕಾದಂಬರಿಯ ಡಾರ್ವಿನ್ ವಿಕಾಸವಾದದ ಜೊತೆಗೆ ಜೀವದ ಎಳೆಗಳನ್ನೂ, ಅಂದರೆ ಡಿಎನ್‌ಎಯನ್ನೂ ಕಂಡುಹಿಡಿಯುತ್ತಾನೆ. ಅವನ್ನು ಹೆಣೆದು ಹೊಸ ಪ್ರಾಣಿಗಳನ್ನು ತಯಾರಿಸುವ ವಿದ್ಯೆಯೂ ಅವನಿಗೆ ಸಿದ್ಧಿಸುತ್ತದೆ. ಹಾಗಾಗಿ 1914ರ ಮಹಾಯುದ್ಧದಲ್ಲಿ ಬ್ರಿಟನ್ ಕಡೆಯವರ ಬಳಿ ಹಾರುವ ತಿಮಿಂಗಿಲವಿದೆ, ಜರ್ಮನಿ ಮತ್ತು ಆಸ್ಟ್ರಿಯಾ ಕಡೆಯವರ ಬಳಿ ಕಾಲಿನ ಮೇಲೆ ನಡೆಯುವ ಉಕ್ಕಿನ ಯಂತ್ರಗಳಿವೆ. ಇವುಗಳ ನಡುವೆ ತಲೆಮರೆಸಿಕೊಂಡು ಓಡುವ ರಾಜಕುಮಾರ ಅಲೆಕ್, ಗಂಡುವೇಷ ಹಾಕಿ ವಾಯುಸೇನೆ ಸೇರಿದ ಹುಡುಗಿ ಡೆರಿನ್.

ಡೆರಿನ್ ಕಾಲ್ಪನಿಕ. ಆದರೆ ಡೊರೊಥಿ ಲಾರೆನ್ಸ್ ಎಂಬ ಇಂಗ್ಲಿಷ್ ಯುವತಿ 1915ರಲ್ಲಿ ನಿಜವಾಗಿಯೇ ಸೈನಿಕನ ವೇಷದಲ್ಲಿ ಫ್ರಾನ್ಸಿನ ಯುದ್ಧಭೂಮಿ ತಲುಪಿದ್ದಳು.

ಈಗ ಡಾರ್ವಿನ್ ವಿಷಯ. ನಿಜವಾದ ಡಾರ್ವಿನ್‌ಗೆ ಡಿಎನ್‌ಎ ಬಗ್ಗೆ ಏನೂ ಗೊತ್ತಿರಲಿಲ್ಲ. 1859ರಲ್ಲಿ ವಿಕಾಸವಾದದ ಪುಸ್ತಕ ಬರೆದಾಗ, ಅಪ್ಪ ಅಮ್ಮನ ಗುಣ ಮಕ್ಕಳಿಗೆ ಹೇಗೆ ದಾಟುತ್ತದೆ ಎಂಬುದೇ ಅವನಿಗೆ ಒಗಟಾಗಿತ್ತು. 1868ರಲ್ಲಿ ಒಂದು ವಿವರಣೆ ಕೊಟ್ಟ: ದೇಹದ ಪ್ರತಿ ಭಾಗದಿಂದಲೂ ಸಣ್ಣ ಕಣಗಳು ಹೊರಟು ಸಂತಾನೋತ್ಪತ್ತಿಯ ಅಂಗಗಳಲ್ಲಿ ಸೇರುತ್ತವೆ ಅಂತ. ಅದು ತಪ್ಪು. ಸರಿ ಉತ್ತರದ ಸುಳಿವು ಗ್ರೆಗರ್ ಮೆಂಡೆಲ್‌ನ ಬಟಾಣಿ ಗಿಡಗಳಲ್ಲಿ 1866ರಲ್ಲೇ ಅಚ್ಚಾಗಿತ್ತು, ಆದರೆ ಯಾರೂ ಗಮನ ಕೊಟ್ಟಿರಲಿಲ್ಲ. ಡಿಎನ್‌ಎ ಮೊದಲು ಸಿಕ್ಕಿದ್ದು 1869ರಲ್ಲಿ, ಫ್ರೆಡ್ರಿಕ್ ಮಿಶರ್ ಎಂಬ ಸ್ವಿಸ್ ವಿಜ್ಞಾನಿಗೆ. ಅದೂ ಎಲ್ಲಿ ಅಂತೀರಿ? ಆಸ್ಪತ್ರೆಯ ಬ್ಯಾಂಡೇಜ್‌ಗೆ ಮೆತ್ತಿಕೊಂಡ ಕೀವಿನಲ್ಲಿ! ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಡಿಎನ್‌ಎ ರಚನೆ ತಿಳಿದದ್ದು 1953ರಲ್ಲಿ. ಒಂದು ಜೀವಿಯ ವಂಶವಾಹಿಯನ್ನು ಇನ್ನೊಂದಕ್ಕೆ ಸೇರಿಸಲು ಬಂದದ್ದು 1973ರಲ್ಲಿ. ಕಾದಂಬರಿ ಸುಮಾರು ನೂರು ವರ್ಷದ ವಿಜ್ಞಾನವನ್ನು ಒಬ್ಬನ ಜೇಬಿಗೆ ತುರುಕಿದೆ.

ಕಥೆಯಲ್ಲಿ ಬರುವ ವಿಜ್ಞಾನಿ, ಡಾರ್ವಿನ್ನನ ಮೊಮ್ಮಗಳು ಡಾಕ್ಟರ್ ನೋರಾ ಬಾರ್ಲೋ ಮಾತ್ರ ಪೂರ್ತಿ ಕಲ್ಪನೆಯಲ್ಲ. ಆ ಹೆಸರಿನ ಮೊಮ್ಮಗಳು ನಿಜವಾಗಿಯೂ ಇದ್ದರು. ಸಸ್ಯಗಳ ತಳಿವಿಜ್ಞಾನದಲ್ಲಿ ಕೆಲಸ ಮಾಡಿದವರು. ಮನೆಯವರು ಕತ್ತರಿ ಹಾಕಿದ್ದ ತಾತನ ಆತ್ಮಕಥೆಯನ್ನು 1958ರಲ್ಲಿ ಪೂರ್ತಿಯಾಗಿ ಪ್ರಕಟಿಸಿದವರೂ ಇವರೇ.

ಹಾರುವ ತಿಮಿಂಗಿಲದ ಕಡೆ ಬರೋಣ, ನಮಗೆ ಇಷ್ಟವಾದ ಭಾಗ ಇದೇ. ಕಾದಂಬರಿಯಲ್ಲಿ ಅದೊಂದೇ ಪ್ರಾಣಿಯಲ್ಲ, ಒಂದು ತೇಲುವ ಕಾಡು. ಜೇನ್ನೊಣಗಳು ಮಕರಂದ ತರುತ್ತವೆ, ತಿಮಿಂಗಿಲದ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಮಾಡುತ್ತವೆ, ಆ ಅನಿಲ ಅದನ್ನು ಮೇಲೆತ್ತುತ್ತದೆ. ಎಲ್ಲಾದರೂ ಸೋರಿದರೆ ಮೂಸಿ ಹಿಡಿಯಲು ಆರು ಕಾಲಿನ ನಾಯಿಯಂಥ ಪ್ರಾಣಿಗಳಿವೆ.

ಬ್ಯಾಕ್ಟೀರಿಯಾ ಹೈಡ್ರೋಜನ್ ಮಾಡುವುದು ಅಪ್ಪಟ ಸತ್ಯ. ನಿಮ್ಮ ಹೊಟ್ಟೆಯಲ್ಲೂ ಈಗ ಅದೇ ನಡೆಯುತ್ತಿದೆ. ಹಾಲು ಜೀರ್ಣವಾಗುತ್ತಿಲ್ಲ ಅಂತ ಡಾಕ್ಟರ ಬಳಿ ಹೋದರೆ ಕೆಲವರಿಗೆ ಉಸಿರಿನ ಹೈಡ್ರೋಜನ್ ಪರೀಕ್ಷೆ ಬರೆದುಕೊಡುವುದು ಇದಕ್ಕೇ. ಜೀರ್ಣವಾಗದ ಸಕ್ಕರೆ ಕರುಳಿನ ಬ್ಯಾಕ್ಟೀರಿಯಾಗೆ ಸಿಕ್ಕಿ ಹೈಡ್ರೋಜನ್ ಆಗಿ, ರಕ್ತ ಸೇರಿ, ಉಸಿರಿನಲ್ಲಿ ಹೊರಬರುತ್ತದೆ. ಆದರೆ ಎಷ್ಟು? ಉಸಿರಿನ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು ಏರಿದರೂ ಸಮಸ್ಯೆ ಇದೆ ಅನ್ನುತ್ತಾರೆ. ಅಷ್ಟು ಕಡಿಮೆ.

ಹಾರಲು ಎಷ್ಟು ಬೇಕು ನೋಡಿ. ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ. ಅಷ್ಟು ಹೈಡ್ರೋಜನ್ ಎತ್ತುವುದು ಹೆಚ್ಚು ಕಡಿಮೆ 1.1 ಕಿಲೋ ಮಾತ್ರ. ದೊಡ್ಡ ನೀಲಿ ತಿಮಿಂಗಿಲ 150 ಟನ್ ತೂಗಬಹುದು. ಅದನ್ನು ಎತ್ತಲು ಅಂಥ ಟ್ಯಾಂಕ್ ಸುಮಾರು 1.36 ಲಕ್ಷ ಬೇಕು. 245 ಮೀಟರ್ ಉದ್ದದ ಜರ್ಮನ್ ವಾಯುನೌಕೆ ಹಿಂಡನ್‌ಬರ್ಗ್‌ನಲ್ಲಿ ಇದ್ದದ್ದು ಸುಮಾರು 2 ಲಕ್ಷ ಟ್ಯಾಂಕ್‌ನಷ್ಟು. ಅಂದರೆ ಲೆಕ್ಕ ಕೂಡುತ್ತದೆ, ಆದರೆ ತಿಮಿಂಗಿಲದ ಮೈಯೆಲ್ಲ ಗಾಳಿಚೀಲ ಆಗಬೇಕು. ಜೊತೆಗೆ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಅದೇ ಹಿಂಡನ್‌ಬರ್ಗ್ ಹೊತ್ತಿ ಉರಿದು 36 ಜನ ಸತ್ತರು.

ನಿಜವಾದ ಯುದ್ಧದ ವಾಯುನೌಕೆಗಳಲ್ಲೂ ಪ್ರಾಣಿ ಇತ್ತು, ಬೇರೆ ರೀತಿಯಲ್ಲಿ. ಜರ್ಮನಿಯ ಜೆಪ್ಪೆಲಿನ್‌ಗಳ ಅನಿಲ ಚೀಲಗಳನ್ನು ದನದ ಕರುಳಿನ ತೆಳು ಪೊರೆಯಿಂದ ಮಾಡುತ್ತಿದ್ದರು. ಒಂದು ದೊಡ್ಡ ನೌಕೆಗೆ ಎರಡು ಲಕ್ಷಕ್ಕೂ ಹೆಚ್ಚು ದನಗಳ ಕರುಳು ಬೇಕಿತ್ತು. ಕಲ್ಪನೆಯ ತಿಮಿಂಗಿಲಕ್ಕಿಂತ ಇದೇ ನಂಬಲು ಕಷ್ಟ ಅನಿಸಿತು ನಮಗೆ.

ಇನ್ನು ಆ ಟೆಸ್ಲಾ ವಿಡಿಯೋ. 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ನದಿ ಬಳಿ ಭಾರೀ ಸ್ಫೋಟವಾದದ್ದು ನಿಜ. ಸುಮಾರು 2,150 ಚದರ ಕಿಲೋಮೀಟರ್ ಕಾಡು ಮಲಗಿತು. ಹೆಚ್ಚು ಕಡಿಮೆ ಬೆಂಗಳೂರು ನಗರ ಜಿಲ್ಲೆಯಷ್ಟು ಜಾಗ. ವಿಜ್ಞಾನಿಗಳ ಮೊದಲ ತಂಡ ಅಲ್ಲಿಗೆ ಮುಟ್ಟಿದ್ದು 1927ರಲ್ಲಿ. ನೋಡಿದರೆ ದೊಡ್ಡ ಗುಂಡಿಯೇ ಇಲ್ಲ. ಗುಮಾನಿಗೆ ಅಷ್ಟು ಸಾಕಲ್ಲವೇ! ‘ಗೋಲಿಯಾತ್’ ಕಾದಂಬರಿ ಇದನ್ನೇ ಎತ್ತಿಕೊಂಡಿದೆ: ಅದರಲ್ಲಿ ಟೆಸ್ಲಾ, ಆ ಸ್ಫೋಟ ತನ್ನ ಯಂತ್ರದ್ದು ಅನ್ನುತ್ತಾನೆ. ಅವನ ಮಾತು ಏನಾಯಿತು ಅಂತ ಹೇಳಿ ಓದುವವರ ಖುಷಿ ಕೆಡಿಸುವುದಿಲ್ಲ.

ವಾಸ್ತವ ಇಷ್ಟು. ಟೆಸ್ಲಾ 1901ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ನಿಸ್ತಂತು ಗೋಪುರ ಕಟ್ಟಲು ಶುರುಮಾಡಿದ್ದ. ದುಡ್ಡು ಹಾಕುತ್ತಿದ್ದ ಜೆ. ಪಿ. ಮಾರ್ಗನ್ ಕೈ ಎತ್ತಿದ ಮೇಲೆ ಕೆಲಸ ಸೊರಗಿತು. 1908ರ ಹೊತ್ತಿಗೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. 1917ರಲ್ಲಿ ಗೋಪುರವನ್ನೇ ಕೆಡವಿದರು. ದೂರದಿಂದಲೇ ಸೈನ್ಯಗಳನ್ನು ಹೊಡೆಯುವ ಕಿರಣದ ಬಗ್ಗೆ ಅವನೇ ಪತ್ರಿಕೆಗಳಿಗೆ ಹೇಳಿಕೊಂಡದ್ದು 1934ರಲ್ಲಿ. ಆದರೆ ಅಂಥದ್ದನ್ನು ಮಾಡಿ ತೋರಿಸಲಿಲ್ಲ. ತುಂಗುಸ್ಕಾದಲ್ಲಿ ಆಕಾಶದ ಕಲ್ಲೊಂದು ನೆಲ ಮುಟ್ಟುವ ಮೊದಲೇ, ಹಲವು ಕಿಲೋಮೀಟರ್ ಎತ್ತರದಲ್ಲಿ ಸಿಡಿಯಿತು ಎಂಬುದೇ ವಿಜ್ಞಾನಿಗಳ ವಿವರಣೆ. ಗುಂಡಿ ಇಲ್ಲದ್ದೂ ಅದಕ್ಕೇ. ಇದರ ಚಿಕ್ಕ ಮಾದರಿಯನ್ನು 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ಜನ ಕಾರಿನ ಕ್ಯಾಮೆರಾಗಳಲ್ಲೇ ಹಿಡಿದರು. ಸುಮಾರು 20 ಮೀಟರ್ ಕಲ್ಲು ಗಾಳಿಯಲ್ಲಿ ಸಿಡಿದು, ಕಿಟಕಿ ಗಾಜು ಒಡೆದು, ಹೆಚ್ಚು ಕಡಿಮೆ 1,500 ಜನರಿಗೆ ಗಾಯವಾಯಿತು.

ಎರಡನೇ ಪುಸ್ತಕದ ಟರ್ಕಿ ಕಥೆಗೂ ನಿಜದ ಬೇರಿದೆ. ಜನರಿಂದ ಚಂದಾ ಎತ್ತಿ ಒಟ್ಟೋಮನ್ನರು ಬ್ರಿಟನ್‌ನಲ್ಲಿ ಕಟ್ಟಿಸಿದ್ದ ಯುದ್ಧನೌಕೆಗಳನ್ನು 1914ರ ಆಗಸ್ಟ್‌ನಲ್ಲಿ ಚರ್ಚಿಲ್ ತಡೆಹಿಡಿದು ಬ್ರಿಟನ್ನಿಗೇ ಇಟ್ಟುಕೊಂಡ. ಕೆಲವೇ ತಿಂಗಳಲ್ಲಿ ಒಟ್ಟೋಮನ್ನರು ಜರ್ಮನಿ ಪರ ಯುದ್ಧಕ್ಕಿಳಿದರು. ನಮ್ಮ ಮೈಸೂರು ಲಾನ್ಸರ್ಸ್ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಗೆದ್ದದ್ದು ಈ ಒಟ್ಟೋಮನ್ನರ ವಿರುದ್ಧವೇ.

ವೆಸ್ಟರ್‌ಫೆಲ್ಡ್ ಮೂರೂ ಪುಸ್ತಕಗಳ ಕೊನೆಗೆ ಯಾವುದು ನಿಜ, ಯಾವುದು ತಾನು ಕಟ್ಟಿದ್ದು ಅಂತ ತಾವೇ ಬರೆದಿಟ್ಟಿದ್ದಾರೆ. ಹದಿನೈದು ಸೆಕೆಂಡಿನ ವಿಡಿಯೋಗೆ ಆ ಪುಟ ಅಂಟಿಕೊಂಡು ಬರುವುದಿಲ್ಲ.

ಇನ್ನು ಆ ಹುಡುಗನ ಮೊದಲ ಪ್ರಶ್ನೆ. ಅಲೆಕ್ ಇರಲಿಲ್ಲ. ಕಾದಂಬರಿಯಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಮತ್ತು ಹೆಂಡತಿ ಸೋಫಿ ಹಗಲಿನ ದಾಳಿಯಿಂದ ಪಾರಾಗಿ ರಾತ್ರಿ ವಿಷಕ್ಕೆ ಬಲಿಯಾಗುತ್ತಾರೆ, ಒಬ್ಬನೇ ಮಗ ತಪ್ಪಿಸಿಕೊಳ್ಳುತ್ತಾನೆ. ನಿಜದಲ್ಲಿ 1914ರ ಜೂನ್ 28ರಂದು ಸರಾಯೆವೊದಲ್ಲಿ ಇಬ್ಬರೂ ಗುಂಡೇಟಿಗೆ ಸತ್ತರು. ಹಿಂದೆ ಉಳಿದದ್ದು ಮೂವರು ಮಕ್ಕಳು: 12 ವರ್ಷದ ಸೋಫಿ, 11 ವರ್ಷದ ಮ್ಯಾಕ್ಸಿಮಿಲಿಯನ್, 10 ವರ್ಷದ ಅರ್ನ್‌ಸ್ಟ್. ತಾಯಿ ರಾಜಮನೆತನಕ್ಕೆ ಸರಿಸಮಾನದವಳಲ್ಲ ಎಂಬ ಕಾರಣಕ್ಕೆ, 1900ರಲ್ಲಿ ಮದುವೆಯಾಗುವಾಗಲೇ ಮುಂದೆ ಹುಟ್ಟುವ ಮಕ್ಕಳಿಗೆ ಪಟ್ಟದ ಹಕ್ಕಿಲ್ಲ ಅಂತ ಬರೆಸಿಕೊಂಡಿದ್ದರು. ಯುದ್ಧ ಮುಗಿದ ಮೇಲೆ ಹೊಸ ಚೆಕೊಸ್ಲೊವಾಕಿಯಾ ಸರ್ಕಾರ ಅವರ ಕೊನೊಪಿಷ್ಟೆ ಅರಮನೆಯನ್ನು ಮುಟ್ಟುಗೋಲು ಹಾಕಿಕೊಂಡಿತು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ಕೈಸೇರಿದಾಗ, ಅವರನ್ನು ವಿರೋಧಿಸಿದ್ದ ಇಬ್ಬರು ಗಂಡುಮಕ್ಕಳನ್ನೂ ದಾಖೌ ಶಿಬಿರಕ್ಕೆ ಕಳುಹಿಸಿದರು. ಮ್ಯಾಕ್ಸಿಮಿಲಿಯನ್ ಕೆಲವು ತಿಂಗಳಲ್ಲಿ ಹೊರಬಂದ, ಅರ್ನ್‌ಸ್ಟ್ ಬಿಡುಗಡೆಯಾದದ್ದು 1943ರಲ್ಲಿ. ಅಕ್ಕ ಸೋಫಿ 1990ರವರೆಗೂ ಬದುಕಿದ್ದಳು.

ಇಷ್ಟನ್ನೂ ಮಾಮ ಟೈಪ್ ಮಾಡಿ ಕಳಿಸಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ದಾಖೌ ಅಂದ್ರೆ ಏನು ಮಾಮ?”